ರೋಗಿಯನ್ನು ನೋಡಲು ಗಡಿಯಾರ ನೋಡಬೇಕೇ?

ಆಸ್ಪತ್ರೆಗಳು ‘ಇಂತಿಷ್ಟು ಹೊತ್ತು, ಇಂತಿಷ್ಟೇ ಜನ’ ಎಂದು ಭೇಟಿಗೆ ಕಟ್ಟುನಿಟ್ಟಿನ ಮಿತಿ ಹಾಕುವುದು ಸರಿಯೇ? ಒಂದು ಪರ, ಒಂದು ವಿರೋಧ.

ಪರ: ‘ಸಾಕು’ ಎನ್ನಲು ರೋಗಿಗೆ ಬಾಯಿ ಬರುವುದಿಲ್ಲ

ಬೇಸರದ ಮಾತಿನಿಂದ ಪಾರಾಗಲು ಆರೋಗ್ಯವಂತರಿಗೆ ನೂರು ದಾರಿಗಳಿವೆ. ಮೊಬೈಲ್ ಕರೆ ಬಂತೆಂದು ಹೊರಗೆ ನಡೆಯಬಹುದು, ಕೆಲಸವಿದೆ ಎಂದು ಎದ್ದೇ ಬಿಡಬಹುದು. ಆಸ್ಪತ್ರೆಯ ಹಾಸಿಗೆಯಲ್ಲಿರುವವರಿಗೆ ಇವುಗಳಲ್ಲಿ ಒಂದೂ ಇಲ್ಲ. ಕೈಗೆ ಡ್ರಿಪ್, ಮಂಚದ ಪಕ್ಕದಲ್ಲಿ ತೂಗುವ ಮೂತ್ರದ ಚೀಲ, ಮೈಮೇಲೆ ಬೆನ್ನು ಮುಚ್ಚದ ಉಡುಪು. ಈ ಅವಸ್ಥೆಯಲ್ಲೂ ಬಂದವರ ಮುಖ ನೋಡಿ ನಗಬೇಕು, ‘ಈಗ ಪರವಾಗಿಲ್ಲ’ ಎನ್ನಬೇಕು. ನೋವು ಎಲ್ಲಿ ಶುರುವಾಯಿತು, ವೈದ್ಯರು ಏನೆಂದರು ಎಂಬುದನ್ನು ಪ್ರತಿಯೊಬ್ಬರಿಗೂ ಮೊದಲಿನಿಂದ ಹೇಳಬೇಕು. ಇಷ್ಟು ದೂರ ಬಂದವರಿಗೆ ‘ಇನ್ನು ಹೊರಡಿ’ ಎನ್ನುವ ಧೈರ್ಯ ಎಷ್ಟು ಜನರಿಗಿದೆ?

ಆ ಮಾತನ್ನು ರೋಗಿಯ ಬದಲು ನಿಯಮ ಹೇಳುತ್ತದೆ. ಗಂಟೆ ಬಾರಿಸಿತು, ಎಲ್ಲರೂ ಎದ್ದರು, ಯಾರೂ ಯಾರ ಮೇಲೂ ಮುನಿಸಿಕೊಳ್ಳಬೇಕಿಲ್ಲ. ಭೇಟಿಯ ವೇಳೆ ಎಂಬ ವ್ಯವಸ್ಥೆಯಿಂದ ಬೇರೇನೂ ಲಾಭವಿಲ್ಲದಿದ್ದರೂ ಇದೊಂದೇ ಸಾಕಿತ್ತು. ಲಾಭಗಳು ಇನ್ನೂ ಇವೆ.

ಸೋಂಕಿನ ವಿಷಯ ನೋಡೋಣ. 1847ರಲ್ಲಿ ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ ಇಗ್ನಾಜ್ ಸೆಮ್ಮೆಲ್‌ವೈಸ್ ಎಂಬ ವೈದ್ಯ ತನ್ನ ಸಹೋದ್ಯೋಗಿಗಳ ಕೈಗಳನ್ನು ಕ್ಲೋರಿನ್ ದ್ರಾವಣದಲ್ಲಿ ತೊಳೆಸಿದ; ಬಾಣಂತಿಯರ ಸಾವು ಕಣ್ಣಿಗೆ ಕಾಣುವಂತೆ ಇಳಿಯಿತು. ಕಲಿತ ವೈದ್ಯರ ಕೈಯೇ ಕೊಲ್ಲಬಲ್ಲದು ಎಂದಾದ ಮೇಲೆ, ಬಸ್ಸಿನ ಕಂಬಿ, ಲಿಫ್ಟಿನ ಗುಂಡಿ, ಮೊಬೈಲು ಮುಟ್ಟಿ ನೇರವಾಗಿ ರೋಗಿಯ ಕೆನ್ನೆ ಸವರುವ ಕೈಯ ಬಗ್ಗೆ ಏನು ಹೇಳುವುದು? ಫ್ಲೂ ತಗುಲಿದವರು ಲಕ್ಷಣ ಕಾಣಿಸುವ ಹಿಂದಿನ ದಿನವೇ ಅದನ್ನು ಹರಡತೊಡಗಬಹುದು. ‘ನನಗೇನೂ ಇಲ್ಲ’ ಎಂದು ಪ್ರಾಮಾಣಿಕವಾಗಿ ಹೇಳಿದವರ ಜೊತೆಗೇ ರೋಗಾಣು ಒಳಗೆ ಬರುತ್ತದೆ. ವಾಂತಿಭೇದಿ ತರುವ ನೊರೊವೈರಸ್ ಇನ್ನೂ ಹಟಮಾರಿ. ಬಾಗಿಲಲ್ಲಿಟ್ಟ ಸ್ಯಾನಿಟೈಸರ್‌ಗೆ ಅದು ಅಷ್ಟಾಗಿ ಬಗ್ಗುವುದಿಲ್ಲ, ಸೋಪು ನೀರೇ ಬೇಕು. ಕೀಮೊಥೆರಪಿಯಿಂದ ಬಿಳಿ ರಕ್ತಕಣ ಕುಸಿದವರ ಬಳಿಗೆ ಹೀಗೆ ದಿನವೂ ಗುಂಪು ಬಂದು ಹೋಗುವುದು ಎಂಥ ಪ್ರೀತಿ?

ಸೋಂಕಿಗಿಂತ ನನ್ನನ್ನು ಹೆಚ್ಚು ಕಾಡುವುದು ಒಳ್ಳೆಯ ಮನಸ್ಸಿನವರು ಮಾಡುವ ಅನಾಹುತ. ಶಸ್ತ್ರಚಿಕಿತ್ಸೆಯ ಅರಿವಳಿಕೆಗೆ ಮೊದಲು ಸಾಮಾನ್ಯವಾಗಿ ಗಟ್ಟಿ ಆಹಾರ ಬಿಟ್ಟು 6 ಗಂಟೆ, ತಿಳಿಯಾದ ದ್ರವ ಬಿಟ್ಟು 2 ಗಂಟೆಯಾದರೂ ಆಗಿರಬೇಕು. ಇಲ್ಲವಾದರೆ ಹೊಟ್ಟೆಯಲ್ಲಿರುವುದು ಶ್ವಾಸಕೋಶಕ್ಕೆ ಇಳಿಯುವ ಅಪಾಯ. ಹಸಿದ ಮುಖ ನೋಡಲಾರದೆ ಯಾರೋ ಗುಟ್ಟಾಗಿ ತಿನ್ನಿಸಿದರೆ ಅಂದಿನ ಶಸ್ತ್ರಚಿಕಿತ್ಸೆ ಮುಂದಕ್ಕೆ ಹೋಗುತ್ತದೆ. ಗುಟ್ಟು ಗುಟ್ಟಾಗಿಯೇ ಉಳಿದರೆ ಇನ್ನೂ ಕೆಟ್ಟದ್ದು. ಪಾರ್ಶ್ವವಾಯು ಬಡಿದವರಲ್ಲಿ ನುಂಗುವ ಶಕ್ತಿ ಕುಂದಿರಬಹುದು. ‘ಗಂಟಲು ಒಣಗಿದೆ, ಪಾಪ’ ಎಂದು ಕೊಟ್ಟ ಗುಟುಕು ನೀರು ಶ್ವಾಸನಾಳದ ದಾರಿ ಹಿಡಿದು ನ್ಯುಮೋನಿಯಾ ಆಗುತ್ತದೆ. ಕೆಲವೆಡೆ ನೋವಿನ ಔಷಧವನ್ನು ರೋಗಿಯೇ ಗುಂಡಿ ಒತ್ತಿ ಪಡೆಯುವ ಪಂಪು ಇರುತ್ತದೆ. ಅದರ ಸುರಕ್ಷತೆ ನಿಂತಿರುವುದು ಒಂದು ಸರಳ ಲೆಕ್ಕದ ಮೇಲೆ: ಔಷಧ ಹೆಚ್ಚಾದರೆ ಮಂಪರು ಬರುತ್ತದೆ, ಮಂಪರಿನಲ್ಲಿರುವವರು ಗುಂಡಿ ಒತ್ತುವುದಿಲ್ಲ. ‘ಎದ್ದಾಗ ನೋಯದಿರಲಿ’ ಎಂದು ಪಕ್ಕದಲ್ಲಿ ಕುಳಿತವರು ಒತ್ತಿದರೆ ಆ ಲೆಕ್ಕವೇ ತಪ್ಪಿ, ಉಸಿರಾಟ ಅಪಾಯದ ಮಟ್ಟಕ್ಕೆ ಇಳಿಯಬಹುದು. ವಾರ್ಡಿನಲ್ಲಿ ಜನ ಕಡಿಮೆಯಿದ್ದರೆ ನರ್ಸ್‌ನ ಕಣ್ಣು ಇಂಥದ್ದರ ಮೇಲೆ ಬೀಳುತ್ತದೆ. ಜನಜಂಗುಳಿಯಲ್ಲಿ ಬೀಳುವುದಿಲ್ಲ.

ನಿದ್ದೆಯ ಮಾತನ್ನೂ ಹೇಳಲೇಬೇಕು. ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲಿ ವಾರ್ಡುಗಳ ರಾತ್ರಿಯ ಸದ್ದಿಗೆ ಸೂಚಿಸಿದ ಸರಾಸರಿ ಮಟ್ಟ 30 ಡೆಸಿಬೆಲ್, ಅಂದರೆ ಹೆಚ್ಚುಕಡಿಮೆ ಪಿಸುಮಾತಿನಷ್ಟು. ಯಂತ್ರಗಳ ಬೀಪ್ ಸದ್ದಿಗೇ ಅದು ಮೀರಿಹೋಗುತ್ತದೆ. ಅದರ ಮೇಲೆ ಮನುಷ್ಯರ ಹರಟೆ ಬೇರೆ. ಹಾಗೆಂದು ಪಿಸುಗುಟ್ಟಿದರೆ ಪುಣ್ಯ ಬಂತೆಂದೂ ಅಲ್ಲ. ರೋಗಿಯ ಕೋಣೆಯಲ್ಲೋ ಬಾಗಿಲ ಹೊರಗೋ ಗುಸುಗುಸು ಮಾತನಾಡುವುದು ಕ್ರೌರ್ಯವೆಂದು ಫ್ಲಾರೆನ್ಸ್ ನೈಟಿಂಗೇಲ್ 19ನೇ ಶತಮಾನದಲ್ಲೇ ಬರೆದಿದ್ದರು. ತನ್ನ ಬಗ್ಗೆಯೇ ಇರಬೇಕೆಂದು ರೋಗಿ ಕಿವಿಗೊಡುತ್ತಾರೆ, ಅರ್ಧ ಕೇಳಿಸುತ್ತದೆ, ಉಳಿದರ್ಧವನ್ನು ಭಯ ತುಂಬುತ್ತದೆ.

ಇನ್ನು ಪಕ್ಕದ ಹಾಸಿಗೆ. ‘ನಮ್ಮವರಿಗೆ ನಾವು ಬೇಕು’ ಎನ್ನುವವರು ಈ ಹಾಸಿಗೆಯನ್ನು ನೋಡುವುದೇ ಇಲ್ಲ. ಅಲ್ಲಿ ಮಲಗಿರುವವರು ನಿಮ್ಮನ್ನು ಕರೆದವರಲ್ಲ. ಒಂದು ತೆಳು ಪರದೆಯ ಆಚೆ ಅವರಿಗೆ ಬೆಡ್‌ಪ್ಯಾನ್ ಕೊಡುತ್ತಿರಬಹುದು, ವೈದ್ಯರು ಕೆಟ್ಟ ಸುದ್ದಿ ತಿಳಿಸುತ್ತಿರಬಹುದು. ದಿನದಲ್ಲಿ ಕೆಲವು ಗಂಟೆಗಳಾದರೂ ಅಪರಿಚಿತರಿಲ್ಲದೆ ಕಳೆಯುವ ಹಕ್ಕು ಅವರಿಗಿದೆ. ನಿಗದಿತ ವೇಳೆ ಎಂದರೆ ಆ ಹಕ್ಕಿನ ಇನ್ನೊಂದು ಹೆಸರು. ಸಾಯುವ ಸ್ಥಿತಿಯಲ್ಲಿರುವವರಿಗೆ, ಮಕ್ಕಳಿಗೆ, ಹೆರಿಗೆಯ ಹೊತ್ತಿಗೆ ವಿನಾಯಿತಿ ಇರಲಿ. ಹೆಚ್ಚಿನ ಕಡೆ ಇದ್ದೇ ಇದೆ. ವಿನಾಯಿತಿ ಬೇಕೆಂದು ನಿಯಮವನ್ನೇ ಕಿತ್ತುಹಾಕಬೇಕಿಲ್ಲ.

ವಿರೋಧ: ತೊಳೆಯಬೇಕಾದದ್ದು ಕೈ, ಮುಚ್ಚಬೇಕಾದದ್ದು ಬಾಗಿಲಲ್ಲ

ಸೆಮ್ಮೆಲ್‌ವೈಸ್ ವೈದ್ಯರ ಕೈ ತೊಳೆಸಿದ, ಸರಿ. ವೈದ್ಯರು ಸಂಜೆ 4ರಿಂದ 6ರವರೆಗೆ ಮಾತ್ರ ವಾರ್ಡಿಗೆ ಬರಲಿ ಎನ್ನಲಿಲ್ಲವಲ್ಲ! ಪರವಾದಿಗಳ ಪಟ್ಟಿಯಲ್ಲಿರುವ ಅಪಾಯಗಳೆಲ್ಲ ನಿಜ. ಆದರೆ ಅವುಗಳಲ್ಲಿ ಗಡಿಯಾರದಿಂದ ತಪ್ಪುವುದು ಯಾವುದು? ತೊಳೆಯದ ಕೈ ಸಂಜೆ 5 ಗಂಟೆಗೂ ತೊಳೆಯದ ಕೈಯೇ. ನುಂಗಲಾಗದವರಿಗೆ ಭೇಟಿಯ ವೇಳೆಯಲ್ಲಿ ನೀರು ಕುಡಿಸಿದರೂ ಅದು ಶ್ವಾಸಕೋಶಕ್ಕೇ ಹೋಗುತ್ತದೆ. ಮೇಲಾಗಿ, ಜನಜಂಗುಳಿಯನ್ನು ಹುಟ್ಟಿಸುವುದೇ ಈ ಎರಡು ಗಂಟೆಯ ಕಿಂಡಿ. ದಿನವಿಡೀ ಒಬ್ಬೊಬ್ಬರಾಗಿ ಬಂದು ಹೋಗಬಹುದಾಗಿದ್ದವರನ್ನೆಲ್ಲ ಒಂದೇ ಹೊತ್ತಿಗೆ ಒಂದೇ ಬಾಗಿಲಲ್ಲಿ ನುಗ್ಗಿಸಿ, ಬಳಿಕ ಗದ್ದಲವಾಯಿತೆಂದು ಅವರನ್ನೇ ದೂರುವುದು ಯಾವ ನ್ಯಾಯ?

ಆ ಕಿಂಡಿಯಲ್ಲಿ ನುಸುಳಲಾಗದವರು ಯಾರೆಂದೂ ನೋಡಿ. ಪಾಳಿಯಲ್ಲಿ ದುಡಿಯುವವರು, ರಜೆ ಹಾಕಿದರೆ ಕೂಲಿ ಕಳೆದುಕೊಳ್ಳುವವರು, ಮನೆಯಲ್ಲಿ ಎಳೆಯ ಮಗುವನ್ನು ಬಿಟ್ಟು ಬರಲಾಗದವರು. ಬಿಡುವಿರುವ ಕುತೂಹಲಿಗಳು ಸಮಯಕ್ಕೆ ಸರಿಯಾಗಿ ಹಾಜರಾಗುತ್ತಾರೆ. ರೋಗಿಗೆ ನಿಜವಾಗಿ ಬೇಕಾದ ಒಬ್ಬರು ಗೇಟಿನಲ್ಲಿ ಕಾವಲುಗಾರರ ಜೊತೆ ಅಂಗಲಾಚುತ್ತಾರೆ. ‘ವಿನಾಯಿತಿ ಇದೆ’ ಎನ್ನುವವರು ಆ ಗೇಟಿನಲ್ಲಿ ಒಮ್ಮೆ ನಿಲ್ಲಬೇಕು. ಮುಖ ನೋಡಿ ಮಣೆ ಹಾಕುವುದು ಹೇಗೆಂದು ಅಲ್ಲಿ ತಿಳಿಯುತ್ತದೆ.

ಬಿಗಿ ವೇಳೆಯ ವಾದ ಮೊದಲು ಸೋತದ್ದು ಮಕ್ಕಳ ವಾರ್ಡಿನಲ್ಲಿ. ಎರಡನೇ ಮಹಾಯುದ್ಧದ ನಂತರವೂ ಬ್ರಿಟನ್ನಿನ ಹಲವು ಆಸ್ಪತ್ರೆಗಳಲ್ಲಿ ಹೆತ್ತವರು ಮಗುವನ್ನು ನೋಡಬಹುದಾಗಿದ್ದದ್ದು ವಾರದಲ್ಲಿ ಅಷ್ಟಿಷ್ಟು ಹೊತ್ತು ಮಾತ್ರ. ಕಾರಣ ಎರಡು: ಸೋಂಕು, ಮತ್ತು ‘ಹೆತ್ತವರು ಬಂದು ಹೋದರೆ ಮಕ್ಕಳು ಅಳುತ್ತಾರೆ, ಬಾರದಿದ್ದರೆ ಹೊಂದಿಕೊಳ್ಳುತ್ತಾರೆ’ ಎಂಬ ನಂಬಿಕೆ. ಜೇಮ್ಸ್ ರಾಬರ್ಟ್‌ಸನ್ ಎಂಬವರು ಅಂಥ ಮಕ್ಕಳನ್ನು ಹತ್ತಿರದಿಂದ ಗಮನಿಸಿ, 1952ರಲ್ಲಿ ಎರಡು ವರ್ಷದ ಒಂದು ಮಗುವಿನ ಆಸ್ಪತ್ರೆವಾಸದ ಚಿತ್ರೀಕರಣವನ್ನು ವೈದ್ಯರ ಮುಂದಿಟ್ಟರು. ಹೊಂದಿಕೊಂಡಂತೆ ಕಂಡ ಮಗು ಆಸೆ ಬಿಟ್ಟ ಮಗು ಎಂಬುದು ಅವರ ವಾದ. ವೈದ್ಯರಲ್ಲಿ ಹಲವರು ಸಿಟ್ಟಾದರು. 1959ರಲ್ಲಿ ಸರ್ ಹ್ಯಾರಿ ಪ್ಲ್ಯಾಟ್ ಸಮಿತಿ ಹೆತ್ತವರ ಭೇಟಿಗೆ ನಿರ್ಬಂಧವಿರಬಾರದೆಂದು ಶಿಫಾರಸು ಮಾಡಿತು. ಇಂದು ‘ಮಕ್ಕಳಿಗೆ ವಿನಾಯಿತಿ ಇದ್ದೇ ಇದೆ’ ಎಂದು ಪರವಾದಿಗಳು ಸಲೀಸಾಗಿ ಹೇಳುತ್ತಾರೆ. ಆ ವಿನಾಯಿತಿ ನಿಯಮದ ಔದಾರ್ಯದಿಂದ ಬಂದದ್ದಲ್ಲ, ನಿಯಮದ ವಿರುದ್ಧ ಹೋರಾಡಿ ಬಂದದ್ದು. ವಯಸ್ಸು ಎಂಬತ್ತಾದವರಿಗೆ ಅಪರಿಚಿತ ಕೋಣೆಯ ಭಯ ಇರುವುದಿಲ್ಲವೇ?

ಅತಿ ಎಚ್ಚರ ಬೇಕಾದ ಜಾಗವೆಂದರೆ ತೀವ್ರ ನಿಗಾ ಘಟಕ, ಅಂದರೆ ಐಸಿಯು. ಅಲ್ಲಿಂದಲೇ ಪುರಾವೆ ತೆಗೆದುಕೊಳ್ಳೋಣ. ಇಟಲಿಯ ಒಂದು ಘಟಕದಲ್ಲಿ ಬಿಗಿ ವೇಳೆಯನ್ನೂ ಮುಕ್ತ ಭೇಟಿಯನ್ನೂ ಒಂದಾದ ಮೇಲೊಂದರಂತೆ ಜಾರಿಗೆ ತಂದು ಹೋಲಿಸಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಮುಕ್ತ ಭೇಟಿಯಿದ್ದಾಗ ಘಟಕದ ಪರಿಸರದಲ್ಲಿ ಸೂಕ್ಷ್ಮಜೀವಿಗಳು ಹೆಚ್ಚಾಗಿದ್ದವು, ಇದನ್ನು ಒಪ್ಪಬೇಕು. ಆದರೆ ರೋಗಿಗಳಲ್ಲಿ ಸೋಂಕಿನ ತೊಡಕು ಹೆಚ್ಚಲಿಲ್ಲ. ಹೃದಯ ಮತ್ತು ರಕ್ತಪರಿಚಲನೆಯ ತೊಡಕುಗಳು ಬಿಗಿ ವೇಳೆಯ ಅವಧಿಯಲ್ಲೇ ಹೆಚ್ಚಾಗಿದ್ದವು. ಬ್ರೆಜಿಲ್‌ನ 36 ಐಸಿಯುಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗ ಇನ್ನೂ ದೊಡ್ಡದು. ಮನೆಯವರಿಗೆ ದಿನಕ್ಕೆ 12 ಗಂಟೆಯವರೆಗೆ ಇರಲು ಬಿಟ್ಟರೆ ರೋಗಿಗಳಲ್ಲಿ ಸನ್ನಿ ಕಡಿಮೆಯಾಗಬಹುದೇ ಎಂದು ಅಲ್ಲಿ ನೋಡಿದರು. ಗಣನೀಯವಾಗಿ ಕಡಿಮೆಯಾಗಲಿಲ್ಲ. ನನ್ನ ವಾದಕ್ಕೆ ಒಪ್ಪುವ ಉತ್ತರವಲ್ಲ ಅದು, ಆದರೂ ಬಚ್ಚಿಡುವುದಿಲ್ಲ. ಅದೇ ಪ್ರಯೋಗದಲ್ಲಿ ಸೋಂಕೂ ಹೆಚ್ಚಲಿಲ್ಲ, ಸಿಬ್ಬಂದಿಯ ಬಳಲಿಕೆಯೂ ಗಣನೀಯವಾಗಿ ಹೆಚ್ಚಲಿಲ್ಲ, ಮನೆಯವರ ಆತಂಕ ಮತ್ತು ಖಿನ್ನತೆ ಇಳಿದವು. ಮುಚ್ಚಿದ ಬಾಗಿಲು ರೋಗಿಗೆ ಕೊಡುತ್ತದೆನ್ನಲಾದ ರಕ್ಷಣೆ ಎರಡೂ ಕಡೆ ಕಾಣಿಸಲಿಲ್ಲ ಎಂಬುದೇ ನನಗೆ ಮುಖ್ಯ.

ಜೊತೆಗಿರುವವರನ್ನು ನರ್ಸ್‌ನ ಕೆಲಸಕ್ಕೆ ಅಡ್ಡಿ ಎಂದಷ್ಟೇ ನೋಡುವವರಿಗೆ ಇನ್ನೊಂದು ಮಾತು. ಪಾಳಿ ಬದಲಾದಂತೆ ನರ್ಸ್‌ಗಳು ಬದಲಾಗುತ್ತಾರೆ, ರೌಂಡ್ಸ್‌ಗೆ ಬರುವ ವೈದ್ಯರೂ ಬದಲಾಗುತ್ತಾರೆ. ‘ನಿನ್ನೆ ಇವರು ಹೀಗೆ ತೊದಲುತ್ತಿರಲಿಲ್ಲ’ ಎಂದು ಹೇಳಬಲ್ಲವರು ಮನೆಯವರು ಮಾತ್ರ. ಯಾವ ಮಾತ್ರೆಗೆ ಮೈಯೆಲ್ಲ ದದ್ದು ಎದ್ದಿತ್ತು, ಯಾವ ಕಿವಿ ಕೇಳಿಸುವುದಿಲ್ಲ, ಕನ್ನಡಕ ಇಲ್ಲದೆ ಕೈಗೆ ಕೊಟ್ಟ ಕಾಗದ ಓದಲಾಗುವುದಿಲ್ಲ ಎಂಬುದನ್ನು ತಿಳಿದವರೂ ಅವರೇ. ಡಿಸ್ಚಾರ್ಜ್ ಆದ ಮೇಲೆ ಗಾಯದ ಪಟ್ಟಿ ಬದಲಿಸಬೇಕಾದವರನ್ನು ಅಷ್ಟು ದಿನವೂ ಹೊರಗಿಟ್ಟು, ಕೊನೆಯ ಅರ್ಧ ಗಂಟೆಯಲ್ಲಿ ಎಲ್ಲವನ್ನೂ ಕಲಿಸುವುದು ಎಲ್ಲಾದರೂ ಆಗುವ ಮಾತೇ? 2020ರಲ್ಲಿ ಕೋವಿಡ್ ಬಂದಾಗ ಬಾಗಿಲು ಮುಚ್ಚಿದ್ದಕ್ಕೆ ಆರಂಭದಲ್ಲಿ ಕಾರಣವಿತ್ತು. ಆದರೆ ಮೊಬೈಲ್ ಪರದೆಯಲ್ಲೇ ವಿದಾಯ ಹೇಳಬೇಕಾಗಿ ಬಂದವರಿಗೆ, ಬಾಗಿಲು ಮುಚ್ಚುವುದಕ್ಕೂ ಬೆಲೆ ತೆರಬೇಕಾಗುತ್ತದೆ ಎಂದು ಯಾರೂ ಬಿಡಿಸಿ ಹೇಳಬೇಕಿಲ್ಲ.

‘ರೋಗಿಗೆ ಬೇಡವೆನ್ನಲು ಆಗುವುದಿಲ್ಲ’ ಎಂಬುದು ಪರವಾದಿಗಳ ಅತ್ಯುತ್ತಮ ಮಾತು, ಅದಕ್ಕೆ ತಲೆಬಾಗುತ್ತೇನೆ. ಆದರೆ ಅದಕ್ಕೆ ಪರಿಹಾರ ರೋಗಿಯನ್ನು ಕೇಳುವುದು. ಕೇಳದೆಯೇ ಅವರ ಪರವಾಗಿ ಎಲ್ಲರಿಗೂ ಬೇಡವೆಂದುಬಿಡುವುದಲ್ಲ. ತನ್ನನ್ನು ಯಾರು ನೋಡಬಹುದೆಂದು ತೀರ್ಮಾನಿಸುವುದು ರೋಗಿಯ ಹಕ್ಕು ಎಂಬ ನಿಯಮ ಅಮೆರಿಕದಲ್ಲಿ, ಸರ್ಕಾರಿ ವಿಮೆಯ ಹಣ ಪಡೆಯುವ ಆಸ್ಪತ್ರೆಗಳಿಗೆಲ್ಲ ಅನ್ವಯಿಸುವಂತೆ 2011ರಿಂದ ಇದೆ. ಅಲ್ಲೂ ವೈದ್ಯಕೀಯ ಕಾರಣಕ್ಕೆ ಭೇಟಿಯನ್ನು ನಿರ್ಬಂಧಿಸಬಹುದು. ಆದರೆ ಆ ಕಾರಣವನ್ನು ರೋಗಿಗೆ ತಿಳಿಸಬೇಕು.

ಹಾಗಾದರೆ ಯಾವ ನಿಯಮ ಬೇಕು? ಬರುವವರ ನಡತೆಗೆ ಸಂಬಂಧಿಸಿದ್ದು, ಅದೂ ಕಟ್ಟುನಿಟ್ಟಾಗಿ. ಕೆಮ್ಮು, ಜ್ವರವಿದ್ದವರು ಬರಬಾರದು. ವಾಂತಿಭೇದಿಯಾಗಿದ್ದರೆ ಅದು ನಿಂತು 48 ಗಂಟೆ ಕಳೆಯಬೇಕು. ಒಳಗೆ ಬರುವಾಗಲೂ ಹೊರಗೆ ಹೋಗುವಾಗಲೂ ಕೈ ತೊಳೆಯಬೇಕು. ಎರಡನೆಯದನ್ನು ಬಹುಪಾಲು ಜನ ಮರೆಯುತ್ತಾರೆ. ಒಂದು ಹಾಸಿಗೆಯ ಬಳಿ ಇಬ್ಬರಿಗಿಂತ ಹೆಚ್ಚು ಬೇಡ, ಕುಳಿತುಕೊಳ್ಳುವುದು ಕುರ್ಚಿಯ ಮೇಲೆ, ಮಂಚದ ಮೇಲಲ್ಲ. ನರ್ಸ್‌ನನ್ನು ಕೇಳದೆ ಒಂದು ಹನಿ ನೀರನ್ನೂ ಕೊಡಬಾರದು, ಪಂಪಿನ ಗುಂಡಿಗೂ ಅಲಾರಾಂಗೂ ಕೈ ಹಾಕಬಾರದು. ಪಕ್ಕದ ಪರದೆಯೊಳಗೆ ವೈದ್ಯರು ಬಂದರೆ ಎದ್ದು ಹೊರಗೆ ಹೋಗಬೇಕು. ಇವನ್ನು ಮುರಿದವರನ್ನು, ಅವರು ಎಷ್ಟೇ ಹತ್ತಿರದವರಾಗಿರಲಿ, ಯಾವ ಹೊತ್ತಿನಲ್ಲಾದರೂ ಹೊರಗೆ ಕಳುಹಿಸುವ ಅಧಿಕಾರ ನರ್ಸ್‌ಗೆ ಇರಲಿ. ಬೆಳಗ್ಗೆ ಜ್ವರ, ರಕ್ತದೊತ್ತಡ ನೋಡುವಾಗಲೇ ಅವರು ರೋಗಿಯನ್ನು ಇನ್ನೊಂದು ಮಾತು ಕೇಳಲಿ: ಇಂದು ಯಾರು ಬಂದರೆ ಒಳ್ಳೆಯದು, ಯಾರು ಬೇಡ, ಎಷ್ಟು ಹೊತ್ತು? ಉತ್ತರ ಚಾರ್ಟಿನಲ್ಲಿ ದಾಖಲಾಗಲಿ. ‘ಯಾರೂ ಬೇಡ’ ಎಂದಿದ್ದರೆ, ಅದು ನರ್ಸ್‌ನ ಆದೇಶವೆಂದು ಬಂದವರಿಗೆ ಹೇಳಿದರಾಯಿತು.