ಹತ್ತು ನಿಮಿಷಕ್ಕೊಂದು ಸ್ಮಶಾನ

ಬೇಸಿಗೆ ಬಂತೆಂದರೆ ಇಂಗ್ಲೆಂಡಿನಲ್ಲಿರುವ ಕನ್ನಡಿಗರು ಸ್ವಿಟ್ಜರ್ಲೆಂಡಿಗೋ ಸ್ಪೇನಿಗೋ ಹೊರಡುತ್ತಾರೆ. ನಮ್ಮ ಹಾಸನದ ಗೆಳೆಯನಿಗೆ ಮಾತ್ರ ಬೈಕಿನಲ್ಲಿ ಎರಡು ಮಹಾಯುದ್ಧಗಳ ಯುದ್ಧಭೂಮಿ ಸುತ್ತುವ ಹುಚ್ಚು. ಅವನು ಕಳಿಸಿದ ಎಕ್ಸೆಲ್ ಪ್ಲಾನ್ ನೋಡಿದರೆ, ಯುದ್ಧ ಮಾಡಿದ ಜನರಲ್‌ಗಳೂ ಇಷ್ಟು ಅಲೆದಿರಲಿಕ್ಕಿಲ್ಲ. ಬೆಳಿಗ್ಗೆ ಬೆಲ್ಜಿಯಂನ ಈಪ್ರ್, ಮಧ್ಯಾಹ್ನದ ಊಟ ಫ್ರಾನ್ಸಿನ ವರ್ಡನ್‌ನಲ್ಲಿ, ಮಾರನೇ ದಿನ ಇಟಲಿಯ ಮಾಂಟೆ ಕ್ಯಾಸಿನೊ. ಅವನ ಬೈಕಿಗೆ ರೆಕ್ಕೆ ಇದ್ದರೆ ಆಗಬಹುದು.

ಒಂದೊಂದು ಸ್ಮಶಾನಕ್ಕೂ ಹತ್ತು ನಿಮಿಷ ಎಂದು ಬರೆದಿದ್ದ. "ಈಪ್ರ್ ಹತ್ತಿರದ ಟೈನ್ ಕಾಟ್ ಸ್ಮಶಾನ ಒಂದರಲ್ಲೇ ಸುಮಾರು 12,000 ಗೋರಿ ಇವೆ ಕಣೋ" ಎಂದೆ. ಸ್ವಲ್ಪ ಯೋಚಿಸಿ, "ಹಾಗಾದ್ರೆ ಹದಿನೈದು ಮಾಡೋಣ" ಎಂದ.

ನಾನೂ ಜೊತೆಗೆ ಹೊರಟಿರುವ ಸುದ್ದಿ ಊರಿಗೆ ತಲುಪಿತು. ಅಮ್ಮ ಫೋನಿನಲ್ಲೇ ಹಿಡಿದುಕೊಂಡರು. "ಕಾಶಿಗೆ ಕರ್ಕೊಂಡು ಹೋಗೋ ಅಂದ್ರೆ ರಜೆ ಇಲ್ಲ. ಯಾರದೋ ಗೋರಿ ನೋಡೋಕೆ ರಜೆ ಸಿಕ್ತಾ?"

"ನಮ್ಮ ದೇಶದವರೂ ಇದ್ದಾರಮ್ಮ" ಎಂದೆ. ಮೊದಲ ಮಹಾಯುದ್ಧದಲ್ಲಿ, 1915ರ ಮಾರ್ಚ್‌ನಲ್ಲಿ, ಫ್ರಾನ್ಸಿನ ನವ್ ಶಪೆಲ್ ಎಂಬ ಹಳ್ಳಿಯ ಹತ್ತಿರ ಭಾರತೀಯ ಪಡೆಗಳು ಕಾದಾಡಿದ್ದವು. ಅಲ್ಲೊಂದು ಸ್ಮಾರಕ ಇದೆ. ಫ್ರಾನ್ಸ್, ಬೆಲ್ಜಿಯಂನಲ್ಲಿ ಸತ್ತು, ಗೋರಿಯೂ ಗೊತ್ತಿಲ್ಲದ 4,700ಕ್ಕೂ ಹೆಚ್ಚು ಭಾರತೀಯರ ಹೆಸರು ಅದರ ಕಲ್ಲಿನಲ್ಲಿವೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಪಾಪ, ಅಷ್ಟು ದೂರ ಯಾಕೆ ಹೋಗಿದ್ರೋ ಆ ಹುಡುಗರು? ಹೋಗಿ ಬಾ. ಬಂದ ತಕ್ಷಣ ತಲೆಗೆ ಸ್ನಾನ ಮಾಡು."

ಗೆಳೆಯನ ವಾದವೇ ಬೇರೆ. ಕೊಳವೆಯಲ್ಲಿ ಸ್ಫೋಟಕ ತುಂಬಿ ಮುಳ್ಳುತಂತಿ ಬೇಲಿ ಹಾರಿಸುವ 'ಬೆಂಗಳೂರು ಟಾರ್ಪಿಡೊ' ಹುಟ್ಟಿದ್ದು 1912ರಲ್ಲಿ, ನಮ್ಮ ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್ ಎಂಬ ಸೇನೆಯ ಎಂಜಿನಿಯರ್ ಪಡೆಯಲ್ಲಿ. ಎರಡನೇ ಮಹಾಯುದ್ಧದಲ್ಲಿ, 1944ರಲ್ಲಿ, ಫ್ರಾನ್ಸಿನ ನಾರ್ಮಂಡಿ ತೀರದಲ್ಲೂ ಅದೇ ಕೆಲಸಕ್ಕೆ ಬಂತು. "ನಮ್ಮೂರಿನ ಹೆಸರು ಹೋದಲ್ಲಿಗೆ ನಾವು ಹೋಗದಿದ್ರೆ ಹೇಗೆ?" ಎನ್ನುತ್ತಾನೆ. ಹಾಸನದವನಿಗೆ ಬೆಂಗಳೂರು ಯಾವಾಗ ನಮ್ಮೂರಾಯಿತೋ!

ಫ್ರಾನ್ಸಿನಲ್ಲಿ ಹೆಲ್ಮೆಟ್‌ಗೆ ಹೊಳೆಯುವ ಸ್ಟಿಕ್ಕರ್ ಕಡ್ಡಾಯ. ನಾಲ್ಕು ಸಾಕು. ಇವನು ಒಂದು ಪ್ಯಾಕೆಟ್ ಪೂರ್ತಿ ಅಂಟಿಸಿಕೊಂಡು ಬಂದ. "ಜಂಬೂಸವಾರಿ ಆನೆ ಥರ ಇದ್ದೀರಿ ಅಣ್ಣಾ" ಎಂದಳು ನನ್ನ ಹೆಂಡತಿ. ಅವಳ ಚಿಂತೆ ಬೇರೆಯೇ. ಅಲ್ಲಿನ ರೈತರು ಉಳುವಾಗ ಈಗಲೂ ಯುದ್ಧಕಾಲದ ಹಳೇ ಫಿರಂಗಿ ಶೆಲ್‌ಗಳು ಸಿಗುತ್ತವೆ, ರಸ್ತೆ ಬದಿಗೆ ತಂದಿಡುತ್ತಾರೆ ಎಂದು ಓದಿದ್ದಾಳೆ. ಗೆಳೆಯನೋ, ಹೋದ ಕಡೆಯಿಂದೆಲ್ಲ ಕಲ್ಲು, ಕಬ್ಬಿಣ ಹೊತ್ತು ತರುವವನು. ಅವನ ಎಕ್ಸೆಲ್‌ನಲ್ಲೇ ಕೆಂಪು ಅಕ್ಷರದಲ್ಲಿ ಬರೆದಳು: ನೆನಪಿಗೆ ಅಂತ ಏನೂ ತರುವಂತಿಲ್ಲ.

ಊಟದ ವಿಷಯಕ್ಕೂ ತಕರಾರು. ಈಪ್ರ್‌ನ ಮೆನಿನ್ ಗೇಟ್ ಎಂಬ ಸ್ಮಾರಕ ಕಮಾನಿನ ಕೆಳಗೆ ದಿನಾ ರಾತ್ರಿ ಎಂಟಕ್ಕೆ ಬ್ಯೂಗಲ್ ಊದಿ ಸತ್ತವರನ್ನು ನೆನೆಯುತ್ತಾರೆ. 1928ರಿಂದ ನಡೆದುಬಂದ ಪದ್ಧತಿ, ಎರಡನೇ ಮಹಾಯುದ್ಧದಲ್ಲಿ ಅಲ್ಲಿ ನಿಂತಿತ್ತು. ಗೆಳೆಯನ ಟೈಮ್‌ಟೇಬಲ್ ಪ್ರಕಾರ 8:05ಕ್ಕೆ ಅದು ಮುಗಿದು 8:10ಕ್ಕೆ ಆಲೂಗಡ್ಡೆ ಫ್ರೈಸ್. ಬೆಲ್ಜಿಯಂನಲ್ಲಿ ಫ್ರೈಸನ್ನು ಎಷ್ಟೋ ಕಡೆ ದನದ ಕೊಬ್ಬಿನಲ್ಲಿ ಕರಿಯುತ್ತಾರೆ ಎಂದು ತಿಳಿದಾಗ ಸಸ್ಯಾಹಾರಿ ಗೆಳೆಯನ ಮುಖ ಇಳಿಯಿತು. ಬೈಕಿನ ಪೆಟ್ಟಿಗೆಯಿಂದ ಟೆಂಟ್ ಹೊರಗೆ, ಅವಲಕ್ಕಿ ಚಟ್ನಿಪುಡಿ ಒಳಗೆ.

ಕೊನೆಗೆ ನನ್ನ ವೀಸಾ. ಗೆಳೆಯನದು ಬ್ರಿಟಿಷ್ ಪಾಸ್‌ಪೋರ್ಟ್, ನನ್ನದು ಭಾರತದ್ದು. ನನಗೆ ಷೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಸೇರಿ ಕೊಡುವ ವೀಸಾ, ಬೇಕೇ ಬೇಕು. ಅರ್ಜಿ ಕೊಡಲು ಸಿಕ್ಕ ದಿನ, ನಾವು ಹೊರಡಬೇಕಿದ್ದ ದಿನದ ಆಚೆಗಿತ್ತು. ಗೆಳೆಯನಿಗೆ ಖುಷಿಯೋ ಖುಷಿ. "ನವೆಂಬರ್ 11ಕ್ಕೇ ಹೋಗೋಣ, ಮೊದಲ ಮಹಾಯುದ್ಧ ನಿಂತ ದಿನ!" ಅದು ಮಳೆ, ಚಳಿಯ ತಿಂಗಳು. ಆ ಕೆಸರನ್ನು ಬೈದುಕೊಂಡು ಲಕ್ಷಾಂತರ ಸೈನಿಕರು ಮನೆಗೆ ಕಾಗದ ಬರೆದಿರುವಾಗ, ಇವನಿಗೆ ಅಲ್ಲಿಗೇ ಬೈಕ್ ಓಡಿಸಬೇಕು.

ಈಗ ಪ್ಲಾನ್ ನನ್ನ ಹೆಂಡತಿಯ ಕೈಯಲ್ಲಿದೆ. ಪ್ರವಾಸ ಮೇ ತಿಂಗಳಿಗೆ. ಅವಳು ಕಾರಿನಲ್ಲಿ ಮುಂದೆ, ನಾವು ಬೈಕಿನಲ್ಲಿ ಹಿಂದೆ. ಇಟಲಿ ರದ್ದು. ನವ್ ಶಪೆಲ್‌ಗೆ ಅರ್ಧ ದಿನ. ವರ್ಡನ್‌ಗಾಗಿ ಗೆಳೆಯ ಇನ್ನೂ ಅರ್ಜಿ ಹಾಕುತ್ತಲೇ ಇದ್ದಾನೆ, ಅವಳು ಓದುತ್ತಲೂ ಇಲ್ಲ.