ಸೂಜಿಯ ಕಡೆ ನೋಡಬೇಡಿ

ಹೊಲಿಗೆ ಕಲಿಸುವವರು ಶುರುವಿಗೇ ಹೇಳುವ ಮಾತು: ಕಣ್ಣು ಸೂಜಿಯ ಮೇಲಿರಲಿ, ಬೆರಳು ಜೋಪಾನ. ಪ್ಯಾಂಟೋಗ್ರಾಫ್ (ಕಾಗದದಲ್ಲಿ ಅಚ್ಚಾದ ವಿನ್ಯಾಸ) ಹಿಡಿದು ಕ್ವಿಲ್ಟ್, ಅಂದರೆ ಪದರಗಳನ್ನು ಸೇರಿಸಿದ ಕೌದಿಯಂಥ ಹೊದಿಕೆ, ಹೊಲಿಯುವವರಿಗೆ ಈ ಪಾಠ ತಲೆಕೆಳಗು. ಇಲ್ಲಿ ನಾವು ಲಾಂಗ್‌ಆರ್ಮ್ ಮಿಷನ್ನಿನ (ಚೌಕಟ್ಟಿಗೆ ಬಿಗಿದ ಬಟ್ಟೆಯ ಮೇಲೆ ನಾವೇ ಓಡಾಡಿಸುವ ದೊಡ್ಡ ಹೊಲಿಗೆ ಮಿಷನ್) ಹಿಂದೆ ನಿಂತಿರುತ್ತೇವೆ. ಸೂಜಿ ಆ ಕಡೆ ಎಲ್ಲೋ ಟಕಟಕ ಅನ್ನುತ್ತಿರುತ್ತದೆ. ಕಣ್ಣಿರಬೇಕಾದದ್ದು ಈ ಕಡೆ ಹಾಸಿದ ಕಾಗದದ ಮೇಲೆ.

ಆ ಕಾಗದದಲ್ಲಿರುವುದು ಒಂದೇ ಗೆರೆ. ಸುರುಳಿಯೋ, ಬಳ್ಳಿಯೋ, ಅಲೆಯೋ, ಈ ತುದಿಯಿಂದ ಆ ತುದಿಯವರೆಗೆ ಎಲ್ಲೂ ತುಂಡಾಗದೆ ಹೋಗುತ್ತದೆ. ಮಿಷನ್ನಿಗೆ ಕೂರಿಸಿದ ಲೇಸರ್ ದೀಪದ ಚುಕ್ಕೆ ಅದರ ಮೇಲೆ ಬೀಳುತ್ತದೆ. ಹಿಡಿಕೆ ಹಿಡಿದು ಆ ಚುಕ್ಕೆಯನ್ನು ಗೆರೆಯ ಮೇಲೆ ನಡೆಸಿದರೆ, ಬಟ್ಟೆಯ ಮೇಲೂ ಅದೇ ಚಿತ್ತಾರ ಬರುತ್ತದೆ. 1603ರಲ್ಲಿ ಕ್ರಿಸ್ಟಾಫ್ ಶೈನರ್ ಎಂಬ ಜರ್ಮನ್ ಪಾದ್ರಿ ಕಡ್ಡಿಗಳನ್ನು ಜೋಡಿಸಿ, ಚಿತ್ರ ನಕಲು ಮಾಡುವ ಸಾಧನವೊಂದನ್ನು ಕಟ್ಟಿದ್ದ. ಅದರ ವಂಶದ್ದೇ ಇದು. ಅವನದು ಚಿತ್ರವನ್ನು ಹಿಗ್ಗಿಸುತ್ತಿತ್ತು, ಕುಗ್ಗಿಸುತ್ತಿತ್ತು. ನಮ್ಮದು ಇದ್ದಷ್ಟೇ ಅಳತೆಗೆ ಇಳಿಸುತ್ತದೆ.

"ಸುಮ್ನೆ ತಿದ್ದೋದು ಅಲ್ವಾ, ಇದರಲ್ಲಿ ಕಲೆ ಎಲ್ಲಿದೆ?" ಎಂದು ಮೂಗು ಮುರಿಯುವವರಿದ್ದಾರೆ. ಇರಲಿ. ಸ್ಲೇಟಿನ ಮೇಲೆ ಬೇರೆಯವರು ಬರೆದುಕೊಟ್ಟ ಅಕ್ಷರವನ್ನು ತಿದ್ದಿ ತಿದ್ದಿಯೇ ತಾನೇ ನಮ್ಮೆಲ್ಲರ ಕೈಗೂ ಬರವಣಿಗೆ ಹತ್ತಿದ್ದು? ಅಲ್ಲದೆ ಇಲ್ಲಿ ಪಳಗಬೇಕಾದದ್ದು ಕೈಗಿಂತ ಜಾಸ್ತಿ ಕಣ್ಣು. ಅದಕ್ಕೆ ಇಣುಕುವ ಚಟ. ಬಟ್ಟೆಯ ಮೇಲೆ ಹೇಗೆ ಬರ್ತಿದೆಯೋ ಅಂತ ಒಂದು ಸಲ ಕತ್ತೆತ್ತಿದರೆ ಸಾಕು, ಚುಕ್ಕೆ ಗೆರೆ ಬಿಟ್ಟು ಹೊರಟಿರುತ್ತದೆ. ಚುಕ್ಕೆಯನ್ನೇ ದಿಟ್ಟಿಸುವುದೂ ಒಳ್ಳೆಯದಲ್ಲ. ತಪ್ಪಿತು, ಸರಿ ಮಾಡು, ಮತ್ತೆ ತಪ್ಪಿತು ಎನ್ನುತ್ತಾ ಗೆರೆಯೆಲ್ಲ ನಡುಗುತ್ತದೆ. ನೋಟ ಚುಕ್ಕೆಗಿಂತ ಸ್ವಲ್ಪ ಮುಂದಿರಬೇಕು. ಕೈ ತಾನಾಗಿ ಹಿಂದೆ ಬರುತ್ತದೆ. ತೀರಾ ನಿಧಾನವಾಗಿ ಹೋದರೆ ನಡುಕ ಇನ್ನೂ ಜಾಸ್ತಿ. ಮಿಷನ್ನಿನಲ್ಲಿ ಸ್ಟಿಚ್ ರೆಗ್ಯುಲೇಟರ್ ಇದ್ದರೆ ವೇಗ ಹೆಚ್ಚುಕಮ್ಮಿಯಾದರೂ ಹೊಲಿಗೆಯ ಅಳತೆ ಒಂದೇ ಸಮ ಇರುತ್ತದೆ.

ಹೊಸಬರ ಮನಸ್ಸು ಹೋಗುವುದು ನೇರ ಗೆರೆ, ಚೌಕ, ದುಂಡನೆಯ ವೃತ್ತಗಳ ಕಡೆಗೆ. ನೋಡಲು ಸುಲಭ ಅನ್ನಿಸುತ್ತದೆ. ಅವೇ ಎಲ್ಲಕ್ಕಿಂತ ಕಷ್ಟ. ನೇರ ಗೆರೆ ಕೂದಲೆಳೆಯಷ್ಟು ಸೊಟ್ಟಗಾದರೂ ಎದ್ದು ಕಾಣುತ್ತದೆ. ಸಡಿಲವಾದ ಸುರುಳಿಯಲ್ಲಿ, ಎಲೆಯಲ್ಲಿ ಹಾಗಲ್ಲ. ಎಲೆಯೊಂದು ಸ್ವಲ್ಪ ಡೊಂಕಾದರೆ ಡೊಂಕೆಲೆಯೇ ಅಂದುಕೊಂಡರಾಯಿತು. ದಾರದ ಬಣ್ಣ ಬಟ್ಟೆಗೆ ಹೊಂದಿದ್ದರೆ, ಬಟ್ಟೆಯಲ್ಲಿ ಅಚ್ಚಿನ ಹೂವು ಒತ್ತೊತ್ತಾಗಿದ್ದರೆ ಅದೂ ಕಾಣುವುದಿಲ್ಲ. ತೀರಾ ಒತ್ತಾದ ವಿನ್ಯಾಸ ಬೇಡ. ದಾರ, ಹೊತ್ತು ಎರಡನ್ನೂ ತಿನ್ನುತ್ತದೆ, ಕ್ವಿಲ್ಟ್ ರಟ್ಟಿನ ಹಾಗೆ ಬಿರುಸಾಗುತ್ತದೆ.

ನಿಜವಾದ ಪರೀಕ್ಷೆ ಎರಡನೆಯ ಸಾಲಿನದು. ಒಂದು ಸಾಲು ಮುಗಿದ ಮೇಲೆ ಕ್ವಿಲ್ಟನ್ನು ಉರುಳೆಗೆ ಸುತ್ತಿ ಮುಂದಕ್ಕೆ ಎಳೆಯಬೇಕು. ಹೊಸ ಸಾಲು ಹಳೆಯದರ ಸಂದಿಯಲ್ಲಿ ಸರಿಯಾಗಿ ಕೂರಬೇಕು. ಅದಕ್ಕೇ ಕಾಗದದಲ್ಲಿ ಪಕ್ಕದ ಸಾಲನ್ನೂ ಚುಕ್ಕೆಗೆರೆಯಲ್ಲಿ ಅಚ್ಚು ಹಾಕಿರುತ್ತಾರೆ. ಹೊಲಿದಾದ ಸಾಲಿನ ಒಂದು ಗುರುತಿಗೆ, ಎಲೆಯ ತುದಿಗೋ ಸುರುಳಿಯ ನೆತ್ತಿಗೋ, ಸೂಜಿಯನ್ನು ತಂದು ನಿಲ್ಲಿಸಿ. ಕಾಗದವನ್ನು ಸರಿಸಿ, ಚುಕ್ಕೆಗೆರೆಯ ಅದೇ ಗುರುತಿಗೆ ಲೇಸರ್ ಬೀಳುವ ಹಾಗೆ ಮಾಡಿ. ಎಡ ತುದಿಯಲ್ಲೂ ಬಲ ತುದಿಯಲ್ಲೂ ನೋಡಿ. ಇಲ್ಲಿ ಅವಸರ ಮಾಡಿದರೆ ಸಾಲುಗಳ ನಡುವೆ ಕ್ವಿಲ್ಟಿನ ಅಗಲಕ್ಕೂ ಖಾಲಿ ಪಟ್ಟಿ ಬೀಳುತ್ತದೆ. ಡೊಂಕೆಲೆಯನ್ನು ಯಾರೂ ಗಮನಿಸುವುದಿಲ್ಲ, ಆ ಪಟ್ಟಿಯನ್ನು ಎಲ್ಲರೂ ಗಮನಿಸುತ್ತಾರೆ!

ಅಡಿಭಾಗದ ಸಂಗತಿ ಬೇರೆಯೇ. ಟೆನ್ಷನ್, ಅಂದರೆ ದಾರದ ಬಿಗಿ, ಸರಿಯಿಲ್ಲದಿದ್ದರೆ ತಿರುವುಗಳಲ್ಲಿ ಕೆಳಗಡೆ ದಾರ ಕಣ್ರೆಪ್ಪೆಯ ಹಾಗೆ ಚಾಚಿಕೊಳ್ಳುತ್ತದೆ. ಮೇಲಿನಿಂದ ನೋಡಿದರೆ ಎಲ್ಲ ಚಂದ. ಮೊದಲ ಸಾಲು ಮುಗಿದ ಕೂಡಲೇ ಟಾರ್ಚ್, ಕನ್ನಡಿ ಹಿಡಿದು ಬಗ್ಗಿ ನೋಡುವುದು ಜಾಣತನ. ಸುತ್ತಿಬಿಟ್ಟರೆ ಕೊನೆಯವರೆಗೂ ಗೊತ್ತಾಗುವುದಿಲ್ಲ.

ಇನ್ನು ಬಾಬಿನ್, ಅಂದರೆ ಅಡಿದಾರ ಸುತ್ತಿದ ಪುಟ್ಟ ಉರುಳೆ. ಅದು ಮುಗಿಯುವುದು ಸಾಲಿನ ನಡುವೆಯೇ, ಅದೂ ಸದ್ದಿಲ್ಲದೆ. ಮಿಷನ್ ಓಡುತ್ತಲೇ ಇರುತ್ತದೆ, ಚುಕ್ಕೆ ಗೆರೆಯ ಮೇಲೆ ಚೆನ್ನಾಗಿಯೇ ನಡೆಯುತ್ತಿರುತ್ತದೆ, ಬಟ್ಟೆಯಲ್ಲಿ ಮಾತ್ರ ಹೊಲಿಗೆ ಕೂರುವುದಿಲ್ಲ. ಮುಂದಿನ ಕಡೆಗೆ ಬಂದು ನೋಡಿದಾಗಲೇ ಗೊತ್ತು. ಕೆಲವು ಮಿಷನ್ನುಗಳು ಬಾಬಿನ್ ಮುಗಿಯುತ್ತಿದೆ ಎಂದು ಎಚ್ಚರಿಸುತ್ತವೆ. ಉಳಿದವರು ಹೊಲಿಗೆ ಸರಿಯಾಗಿದ್ದ ಕೊನೆಯ ಜಾಗ ಹುಡುಕಿ, ಅದೇ ತೂತುಗಳಲ್ಲಿ ನಾಲ್ಕಾರು ಸಣ್ಣ ಹೊಲಿಗೆ ಹಾಕಿ ಮುಂದುವರಿಯಬೇಕು. ಇದಕ್ಕಿಂತ ಪ್ರತಿ ಸಾಲಿಗೆ ಮುಂಚೆ ಬಾಬಿನ್ ತೆಗೆದು ನೋಡಿ, ಅನುಮಾನ ಇದ್ದರೆ ಬದಲಿಸುವುದೇ ವಾಸಿ. ಅರ್ಧಂಬರ್ಧ ದಾರ ಉಳಿದ ಬಾಬಿನ್‌ಗಳು ಡಬ್ಬಿ ತುಂಬುತ್ತವೆ. ತುಂಬಲಿ ಬಿಡಿ, ಅಂಗಿಗೆ ಗುಂಡಿ ಹಾಕೋದಕ್ಕೆ ಆದೀತು.