ಬ್ರೇಕ್ ಬಿಟ್ಟರೆ ಮಾತ್ರ ಸಂಬಳ

ಪೈಲಟ್‌ಗೆ ಗಂಟೆ ಲೆಕ್ಕದಲ್ಲಿ ಸಂಬಳ ಅಂದರೆ ಕೇಳಿದವರಿಗೆ ಹೊಟ್ಟೆಕಿಚ್ಚು. 'ಗಂಟೆಗೆ ಅಷ್ಟಾ?' ಅಂತ ಕಣ್ಣರಳಿಸುತ್ತಾರೆ. ಆ ಗಂಟೆ ಯಾವಾಗ ಶುರುವಾಗುತ್ತದೆ ಅಂತ ಮಾತ್ರ ಯಾರೂ ಕೇಳುವುದಿಲ್ಲ.

ನಾನು ಹಾರಿಸುವುದು 70 ಸೀಟಿನ ಎಟಿಆರ್. ಮೆಟ್ಟಿಲು ಹತ್ತುವ ಪ್ರಯಾಣಿಕರು ಪ್ರೊಪೆಲರ್ ನೋಡಿ 'ಅಯ್ಯೋ, ಫ್ಯಾನಾ?' ಅನ್ನುತ್ತಾರಲ್ಲ, ಅದು. ಪಾರ್ಕಿಂಗ್ ಬ್ರೇಕ್ ಬಿಟ್ಟು ಚಕ್ರ ಉರುಳಿದರೆ ನಮ್ಮ ಗಡಿಯಾರ ಶುರು. ಇನ್ನೊಂದು ಊರಲ್ಲಿ ಬ್ರೇಕ್ ಹಾಕಿದರೆ ಬಂದ್. ಇದಕ್ಕೆ ಬ್ಲಾಕ್ ಟೈಮ್ ಅಂತ ಹೆಸರು. ಒಂದು ಗಂಟೆ ಮುಂಚೆ ಬಂದು ಹವಾಮಾನ ನೋಡಿದ್ದು, ಇಂಧನದ ಲೆಕ್ಕ ಹಾಕಿದ್ದು, ಮಳೆಯಲ್ಲಿ ಟಾರ್ಚ್ ಹಿಡಿದು ವಿಮಾನಕ್ಕೆ ಪ್ರದಕ್ಷಿಣೆ ಬಂದಿದ್ದು ಎಲ್ಲವೂ ಸಮಾಜಸೇವೆ. ಮಂಜು ಕವಿದು ಮೂರು ಗಂಟೆ ನಿಂತಲ್ಲೇ ನಿಂತರೆ ಅದು ಧ್ಯಾನ. ಬೈಗುಳ ಬಂದರೆ ಬೋನಸ್.

ದೊಡ್ಡ ಕಂಪನಿಗಳಲ್ಲೂ ಹೆಚ್ಚುಕಮ್ಮಿ ಇದೇ ಲೆಕ್ಕ. ಆದರೆ ಅವರು ಒಮ್ಮೆ ಬ್ರೇಕ್ ಬಿಟ್ಟರೆ 10 ಗಂಟೆ ಸಮುದ್ರದ ಮೇಲೆ ಮೀಟರ್ ಓಡುತ್ತಲೇ ಇರುತ್ತದೆ. ನಮ್ಮದು 45 ನಿಮಿಷದ ಹಾರಾಟ. ದಿನಕ್ಕೆ ಆರು ಸಲ ಏರು, ಆರು ಸಲ ಇಳಿ. ನಡುವೆ ಪ್ರತಿ ಸಲ ಅರ್ಧ ಗಂಟೆ ಪುಕ್ಕಟೆ. ಎಂಟು ಗಂಟೆ ಯೂನಿಫಾರ್ಮ್‌ನಲ್ಲಿ ಬೆವರಿದವನು ನಾಲ್ಕೂವರೆ ಗಂಟೆ ದುಡಿದ ಅಂತ ಲೆಕ್ಕ. ಕೈಗೂ ತಲೆಗೂ ನಿಜವಾದ ಕೆಲಸ ಇರುವುದು ಏರುವಾಗ, ಇಳಿಯುವಾಗ. ನಡುವಿನ ಹೊತ್ತನ್ನು ಆಟೋಪೈಲಟ್ ನೋಡಿಕೊಳ್ಳುತ್ತದೆ. ಅಂದರೆ ಕಷ್ಟ ಜಾಸ್ತಿಯಾದಷ್ಟೂ ಕೂಲಿ ಕಮ್ಮಿ. ಇದನ್ನು ಕಂಡುಹಿಡಿದವರಿಗೆ ದೊಡ್ಡ ನಮಸ್ಕಾರ.

ಗಂಟೆ ಎಣಿಸುವುದರಲ್ಲಿ ಕಂಪನಿಗಳಿಗಿಂತ ಸರ್ಕಾರಗಳು ಇನ್ನೂ ಜಾಣ. 2009ರ ಫೆಬ್ರವರಿಯಲ್ಲಿ ಅಮೆರಿಕದ ಬಫಲೊ ಹತ್ತಿರ ಕೋಲ್ಗನ್ ಏರ್ ಎಂಬ ಸಣ್ಣ ಕಂಪನಿಯ ಡ್ಯಾಶ್ 8 ವಿಮಾನ ಬಿದ್ದು 50 ಜನ ಸತ್ತರು. ನಮ್ಮದರಂಥದೇ ಸಣ್ಣ ವಿಮಾನ. ಟಿಕೆಟ್ ಮೇಲೆ ಇದ್ದದ್ದು ದೊಡ್ಡ ಕಂಪನಿಯ ಹೆಸರು. ಕೋ-ಪೈಲಟ್ ಹಿಂದಿನ ರಾತ್ರಿಯೆಲ್ಲ ಸರಕು ವಿಮಾನಗಳಲ್ಲಿ ಕೂತು, ದೇಶದ ಆ ತುದಿಯಿಂದ ಈ ತುದಿಗೆ ಡ್ಯೂಟಿಗೆ ಬಂದಿದ್ದರು. ಕ್ಯಾಪ್ಟನ್ ರಾತ್ರಿ ಕಳೆದದ್ದು ಸಿಬ್ಬಂದಿ ಕೋಣೆಯಲ್ಲಿ. ವೇಗ ಕುಸಿದು ಎಚ್ಚರಿಕೆ ಬಂದಾಗ ಮೂತಿ ತಗ್ಗಿಸಬೇಕಿತ್ತು, ಅವರು ಮೇಲಕ್ಕೆ ಎಳೆದರು. ದಣಿವೂ ಇದ್ದಿರಬೇಕು ಎಂದಿತು ತನಿಖೆ.

ಆಮೇಲೆ ಅಮೆರಿಕದಲ್ಲಿ ಬಂದ ಕಾನೂನು ಏನು ಹೇಳಿತು ಗೊತ್ತಾ? ಕೋ-ಪೈಲಟ್ ಆಗಲು ಇನ್ನು ಮುಂದೆ ಸಾಮಾನ್ಯವಾಗಿ 1500 ಗಂಟೆ ಹಾರಿರಬೇಕು. ಮೊದಲು 250 ಸಾಕಿತ್ತು. ಬಫಲೊದಲ್ಲಿ ಸತ್ತ ಇಬ್ಬರು ಪೈಲಟ್‌ಗಳೂ ತಲಾ 2000 ಗಂಟೆ ದಾಟಿದವರು! ನಿದ್ದೆ ಇಲ್ಲದವನಿಗೆ ಅನುಭವದ ಔಷಧಿ. ಈಗ ಹುಡುಗರು ಸಣ್ಣ ವಿಮಾನದಲ್ಲಿ ಕೂತು, ಬಿಸಿಲು ನೋಡಿಕೊಂಡು, ಒಂದೇ ಬಯಲಿನ ಮೇಲೆ ಸುತ್ತು ಹಾಕಿ ಗಂಟೆ ಕೂಡಿಸುತ್ತಾರೆ. ಹಿಮ ಕಟ್ಟಿದ ರೆಕ್ಕೆ ಹೇಗೆ ವರ್ತಿಸುತ್ತದೆ ಅಂತ ಆ ಬಯಲು ಹೇಳಿಕೊಡುತ್ತದೆಯೇ? ಸಮುದ್ರದಾಚೆ ಯುರೋಪಿನಲ್ಲಿ ಸುಮಾರು 200 ಗಂಟೆಗೇ ಇದೇ ಎಟಿಆರ್‌ನ ಬಲ ಸೀಟು, ಅಂದರೆ ಕೋ-ಪೈಲಟ್ ಜಾಗ, ಸಿಗುತ್ತದೆ. ಅಲ್ಲಿನ ಆಕಾಶ ಮೆತ್ತಗಿರಬೇಕು.

ಸುಮ್ನೆ ದೂರಬಾರದು, ನಿದ್ದೆಯ ನಿಯಮವೂ ಬಂತು. 2014ರಿಂದ ಅಮೆರಿಕದಲ್ಲಿ ಡ್ಯೂಟಿಗೆ ಮುಂಚೆ 10 ಗಂಟೆ ವಿಶ್ರಾಂತಿ, ಅದರಲ್ಲಿ 8 ಗಂಟೆ ಮಲಗಲು ಅವಕಾಶ. ಆದರೆ ಸರಕು ವಿಮಾನದ ಪೈಲಟ್‌ಗಳನ್ನು ಇದರಿಂದ ಹೊರಗಿಟ್ಟರು. ರಾತ್ರಿಯೆಲ್ಲ ಹಾರುವವರು ಅವರೇ. ಪೆಟ್ಟಿಗೆಗಳು ಪ್ರಶ್ನೆ ಕೇಳುವುದಿಲ್ಲ, ಅಲ್ವಾ?

ಮೊನ್ನೆ ಬೆಳಿಗ್ಗೆ ದಟ್ಟ ಮಂಜು. ಎಲ್ಲರೂ ಹತ್ತಿ ಕೂತು ಒಂದೂವರೆ ಗಂಟೆಯಾಗಿತ್ತು. ಕಾಕ್‌ಪಿಟ್ ಬಾಗಿಲು ತೆರೆದೇ ಇತ್ತು. ಹೊರಗಿನಿಂದ ಒಬ್ಬರು ಜೋರಾಗಿ, 'ಇವರಿಗೇನು ಬಿಡಿ, ಕೂತಿದ್ದಕ್ಕೂ ದುಡ್ಡು ಬರುತ್ತೆ' ಅಂದರು. ನನ್ನ ಕೋ-ಪೈಲಟ್ ಪಾರ್ಕಿಂಗ್ ಬ್ರೇಕ್ ಕಡೆ ನೋಡಿದ.

'ಸರ್, ಒಂದೇ ಒಂದು ಇಂಚು ಮುಂದೆ ತಗೊಳ್ಳೋಣವಾ?'